ಆಮೆನ್ ಅಂದರು, ಅಮೀನ ಬಂದ

ನಿಜಾಮನ ಕಾಲದಲ್ಲಿ ಹೈದರಾಬಾದಿನ ಶಾಸನ ಸಭೆಯಲ್ಲಿ ಕುರ್ಚಿ ಹಿಡಿದು ಕೂತವರನ್ನೆಲ್ಲ ಜನ ಕಳಿಸಿರಲಿಲ್ಲ. ಎಷ್ಟೋ ಮಂದಿಯನ್ನು ಮೇಲಿನವರೇ ಹೆಕ್ಕಿ ತಂದು ಕೂಡಿಸಿದ್ದರು. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲದಿದ್ದರೆ ಈಗಲಾದರೂ ತಿಳಿದುಕೊಳ್ಳಿ, ಯಾಕೆಂದರೆ ಹಾಗೆ ಕೂತವರಲ್ಲಿ ಕೆಲವರು ಈಗ ಟೊಪ್ಪಿಗೆ ಬದಲಿಸಿ ನಿಮ್ಮ ಪ್ರತಿನಿಧಿಗಳೆಂದು ತಿರುಗಾಡುತ್ತಿದ್ದಾರೆ. ಕೂಡಿಸಿದವನ ಮುಂದೆ ಕೂತವನಿಗೆ ಇರುವ ಕೆಲಸ ಒಂದೇ, ತಲೆ ಆಡಿಸುವುದು. ಕೋಲೆ ಬಸವನಿಗೂ ಅಷ್ಟು ಬರುತ್ತದೆ. ಬಸವನ ಕೊರಳಲ್ಲಿ ಗಂಟೆಯಾದರೂ ಇರುತ್ತದೆ, ಬರುವುದು ದೂರದಿಂದಲೇ ತಿಳಿಯುತ್ತದೆ.

ಯಲಬುರ್ಗಾದ ಮಾರೆವ್ವನಿಗೆ ಅಂಥ ಗಂಟೆ ಕೇಳಲಿಲ್ಲ. ಬಂದವನು ಅವಳ ಒಡಹುಟ್ಟಿದ ತಮ್ಮ.

ಊರ ಹೊರಗೆ, ಚರ್ಮ ಹದ ಮಾಡುವವರ ಕೇರಿಯಲ್ಲಿ ಅವರಿಬ್ಬರೂ ಹುಟ್ಟಿದ್ದು. ತಾಯಿ ತಂದೆ ಒಂದೇ ಜ್ವರದಲ್ಲಿ ಹೋದರು. ಮಾರೆವ್ವ ಇನ್ನೂ ಲಂಗ ಉಡುವ ವಯಸ್ಸಿನವಳು, ತಮ್ಮ ದುರುಗಪ್ಪನನ್ನು ಸೊಂಟಕ್ಕೆ ಏರಿಸಿಕೊಂಡು ಕೂಲಿಗೆ ಹೋದಳು. ರೊಟ್ಟಿಯ ಮೆತ್ತನೆಯ ನಡುಭಾಗ ಅವನಿಗೆ, ಸುಟ್ಟ ಅಂಚು ಇವಳಿಗೆ. ಮುಂದೆ ಬೆಟಗೇರಿಯ ಕಡೆಯಿಂದ ಕುದುರೆಯ ಮೇಲೆ ಬಂದ ಮಿಶನ್ ದೊರೆಯೊಬ್ಬ ಕೇರಿಯಲ್ಲಿ ಇಳಿದು, ಹುಡುಗನ ಕಂಠ ಕೇಳಿ, ಓದಿಸುತ್ತೇನೆಂದು ಕರೆದುಕೊಂಡು ಹೋದ. ಓದು ಮುಗಿಸಿ ಬಂದಾಗ ದುರುಗಪ್ಪ ಮೊದಲು ಉಪದೇಶಿ, ಒಂದೆರಡು ವರ್ಷಕ್ಕೆ ಪಾದ್ರಿ. ಹೆಸರು ದೀನಮಿತ್ರ. ದೀನರ ಮಿತ್ರ. ಹೆಸರು ಇಟ್ಟವರ ಮನಸ್ಸು ಒಳ್ಳೆಯದೇ ಇತ್ತು, ಅದರ ಬಗ್ಗೆ ತಕರಾರಿಲ್ಲ.

ಆ ದಿನಗಳಲ್ಲಿ ಅವನೂ ಕೆಟ್ಟವನಿರಲಿಲ್ಲ. ಹುಳಿ ಹಿಂಡುವ ಮೊದಲು ಹಾಲು ಹಾಲೇ ತಾನೆ. ಕೇರಿಗೆ ಬಾವಿ ಬೇಕು ಎಂದು ಮೊದಲು ಎದ್ದು ನಿಂತವನು ಅವನೇ.

ಬಾವಿ ಎಂದರೆ ಏನು ಎಂದು ಅಂಗಳದಲ್ಲೇ ನೀರು ಇರುವವರಿಗೆ ಹೇಳಿ ತಿಳಿಸುವುದು ಕಷ್ಟ. ಯಲಬುರ್ಗಾದ ಕಪ್ಪು ಎರಿ ನೆಲದಲ್ಲಿ ತೋಡಿದಲ್ಲೆಲ್ಲ ಸಿಕ್ಕುವುದು ಸವಳು ನೀರು, ಬಾಯಿಗೆ ಹಾಕಿದರೆ ನಾಲಿಗೆ ಕಟ್ಟುತ್ತದೆ. ಸಿಹಿನೀರಿನ ಬಾವಿ ಊರೊಳಗೆ ಇತ್ತು. ಕೇರಿಯ ಹೆಂಗಸರು ಅದರ ಹಗ್ಗ ಮುಟ್ಟುವಂತಿಲ್ಲ. ದೂರದಲ್ಲಿ ಕೊಡ ಇಟ್ಟು, ಸೆರಗು ಮುಂದೆ ಮಾಡಿ ನಿಲ್ಲಬೇಕು. ಸೇದುವವರಿಗೆ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಾರೆ. ಬರದಿದ್ದರೆ ಹೊತ್ತು ಏರುತ್ತದೆ, ಕೂಲಿ ತಪ್ಪುತ್ತದೆ, ನಿಂತವಳು ನಿಂತೇ ಇರುತ್ತಾಳೆ. ಮಾರೆವ್ವ ಹಾಗೆ ನಿಂತು ನಿಂತೇ ದೊಡ್ಡವಳಾದವಳು.

ಮೂವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಕೇರಿಯ ಬೆನ್ನಿಗಿದ್ದ ಗಾಯರಾಣದಲ್ಲಿ, ಎಂದರೆ ದನ ಮೇಯಲು ಬಿಟ್ಟ ಸರ್ಕಾರಿ ನೆಲದಲ್ಲಿ, ಕೇರಿಯವರು ಗುದ್ದಲಿ ಹಾಕಿದರು. ಪಾದ್ರಿ ಪಂಚೆ ಎತ್ತಿ ಕಟ್ಟಿ ತಾನೂ ಇಳಿದ. ಕರಿ ಮಣ್ಣು ಹೋಯಿತು, ಗರಸು ಹೋಯಿತು, ಬಂಡೆ ಬಂತು. ಮಾರೆವ್ವ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಬುಟ್ಟಿಗಟ್ಟಲೆ ಕಲ್ಲು ಹೊತ್ತಳು. ಆ ಮಗು ಉಳಿಯಲಿಲ್ಲ. ನೀರು ಉಳಿಯಿತು, ಸಕ್ಕರೆಯಂಥ ನೀರು. ಮೊದಲ ಕೊಡ ತಾನೇ ಸೇದಿ ತಲೆಯ ಮೇಲೆ ಇಟ್ಟುಕೊಂಡು ಬರುವಾಗ ಅವಳು ಅಳುತ್ತಿದ್ದಳೋ ನೀರು ತುಳುಕುತ್ತಿತ್ತೋ ಯಾರಿಗೂ ತಿಳಿಯಲಿಲ್ಲವಂತೆ.

ಇನ್ನು, ಅಷ್ಟರಲ್ಲಿ ದೀಕ್ಷೆ ಪಡೆದು ಕ್ರೈಸ್ತರಾಗಿದ್ದ ಆ ಕೇರಿಯವರ ಒಂದು ರೂಢಿಯನ್ನು ಹೇಳಬೇಕು, ಕಥೆಯ ಕೀಲು ಅಲ್ಲೇ ಇದೆ. ಪ್ರಾರ್ಥನಾ ಮನೆಯಲ್ಲಿ ಓದುವವನು ಪಾದ್ರಿ, ಹೇಳುವವನು ಪಾದ್ರಿ, ಹಾಡು ತೆಗೆಯುವವನೂ ಪಾದ್ರಿ. ಅಕ್ಷರ ಬಾರದ ಮಂದಿಗೆ ಉಳಿದದ್ದು ಒಂದೇ ಮಾತು, ಪ್ರಾರ್ಥನೆಯ ಕೊನೆಯಲ್ಲಿ ಎಲ್ಲರೂ ಕೂಡಿ ಹೇಳುವ ‘ಆಮೆನ್’. ಆಮೆನ್ ಇಲ್ಲದ ಪ್ರಾರ್ಥನೆ ಹಗ್ಗ ಇಲ್ಲದ ಕೊಡ ಎಂದು ಹಿಂದೆ ಬಂದಿದ್ದ ಮಿಶನ್ ದೊರೆ ಕಲಿಸಿ ಹೋಗಿದ್ದ. ಅದನ್ನು ಕೇರಿಯವರು ಎಷ್ಟು ಹಚ್ಚಿಕೊಂಡರೆಂದರೆ, ಕಣ್ಣು ಮುಚ್ಚಿ, ತಲೆ ಬಾಗಿಸಿ, ಪಾದ್ರಿಯ ಧ್ವನಿ ಇಳಿದು ‘ಬೇಡುತ್ತೇವೆ ತಂದೆಯೇ’ ಎಂದು ನಿಂತ ಕ್ಷಣಕ್ಕೆ ಬಾಯಿ ತಾನಾಗಿ ತೆರೆಯುತ್ತಿತ್ತು. ನಡುವೆ ಏನು ಹೇಳಿದ ಎಂದು ಕೇಳಿದರೆ ಅರ್ಧ ಮಂದಿಗೆ ತಿಳಿದಿರುತ್ತಿರಲಿಲ್ಲ. ಬಿಸಿಲಲ್ಲಿ ದುಡಿದು ಬಂದ ದೇಹ, ಕಣ್ಣು ಮುಚ್ಚಿದರೆ ತೂಕಡಿಕೆ. ಮಾರೆವ್ವನ ಆಮೆನ್ ಎಲ್ಲರಿಗಿಂತ ದೊಡ್ಡದು. ಅದಕ್ಕೆ ಬೇವಿನ ಮರದ ಕಾಗೆ ಹಾರುತ್ತವೆ ಎಂದು ಕೇರಿಯವರು ನಗುತ್ತಿದ್ದರು.

ಬಾವಿ ತೋಡಿದ ಪಾದ್ರಿ ಎಂಬ ಹೆಸರು ಕೊಪ್ಪಳಕ್ಕೆ ಮುಟ್ಟಿತು. ಅಧಿಕಾರಿಗಳು ಕರೆಸಿ ಚಹಾ ಕೊಟ್ಟರು. ದೀನಮಿತ್ರ ಮೊದಲ ಸಲ ಬೆತ್ತದ ಕುರ್ಚಿಯಲ್ಲಿ ಕೂತ. ಕೆಲವರಿಗೆ ಹೆಂಡ ಹತ್ತುತ್ತದೆ, ಕೆಲವರಿಗೆ ಜೂಜು. ಇವನಿಗೆ ಕುರ್ಚಿ ಹತ್ತಿತು. ಉರ್ದು ಕಲಿತ. ಶೇರವಾನಿ ಹೊಲಿಸಿದ, ರೂಮಿ ಟೊಪ್ಪಿಗೆ ಇಟ್ಟ. ನಿಜಾಮನ ಹುಟ್ಟುಹಬ್ಬಕ್ಕೆ ಗಂಗಾವತಿಯಲ್ಲಿ, ಕುಷ್ಟಗಿಯಲ್ಲಿ ಪ್ರಾರ್ಥನೆ ಬೇಡಲು ಕರೆ ಬಂತೆಂದರೆ ಕೇರಿಯ ಸತ್ತವರನ್ನು ಹೂಳುವ ಪ್ರಾರ್ಥನೆ ಮರುದಿನಕ್ಕೆ ಹೋಗುತ್ತಿತ್ತು. ಸತ್ತವರಿಗೆ ಅವಸರವಿಲ್ಲವಲ್ಲ.

ನಲವತ್ತಾರರಲ್ಲಿ ಹೈದರಾಬಾದಿನ ಶಾಸನ ಸಭೆಗೆ ಹೊಸ ಮಂದಿಯನ್ನು ಸೇರಿಸುವಾಗ ಕ್ರೈಸ್ತರ ಕಡೆಯಿಂದ ಒಬ್ಬ ಬೇಕಾಯಿತು. ಇವನ ಹೆಸರು ಬಂತು. ಆಗ ಹೈದರಾಬಾದು ತಾನೂ ಒಂದು ದೇಶ ಎಂಬ ಗತ್ತಿನಲ್ಲಿತ್ತು. ಆದ್ದರಿಂದ ಇವನು ದೇಶದ ಶಾಸಕ. ಇಲ್ಲಿಂದ ಮುಂದೆ ಅವರನ್ನು ಬಹುವಚನದಲ್ಲೇ ಕರೆಯೋಣ. ಅವರಿಗೆ ಅದು ಇಷ್ಟವಿತ್ತು. ಹೆಸರನ್ನೂ ಕತ್ತರಿಸಿ ‘ಡಿ. ಮಿತ್ರಾ ಸಾಹೇಬ್’ ಎಂದು ಬಾಗಿಲಿಗೆ ಬರೆಸಿದರು. ದೀನರು ಒಂದೇ ಅಕ್ಷರಕ್ಕೆ ಇಳಿದರು.

ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕೊಪ್ಪಳದ ಸ್ಟೇಶನ್ನಿಗೆ ಹೊರಟಾಗ ಇಡೀ ಕೇರಿ ಹಲಗಿ ಬಾರಿಸಿಕೊಂಡು ಕಳಿಸಲು ಬಂತು. ಮಾರೆವ್ವ ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಟ್ಟಳು. ಸಾಹೇಬರು ಜೊತೆಗಿದ್ದ ಅಧಿಕಾರಿಗೆ ಅವಳನ್ನು ತೋರಿಸಿ, ಇವರು ನಮ್ಮ ಸಭೆಯ ಸಹೋದರಿ ಅನ್ನಮ್ಮ ಎಂದರು. ಅನ್ನಮ್ಮ ಅವಳ ದೀಕ್ಷೆಯ ಹೆಸರು ನಿಜ, ಆದರೆ ಆ ಹೆಸರಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ. ಸಹೋದರಿ ಎಂಬುದೂ ನಿಜವೇ. ಸಭೆಯ ಎಲ್ಲ ಹೆಂಗಸರನ್ನೂ ಅವರು ಹಾಗೇ ಕರೆಯುತ್ತಿದ್ದರು. ಅಕ್ಕ ಎಂಬ ಒಂದು ಮಾತು ಮಾತ್ರ ಶೇರವಾನಿಯ ಗುಂಡಿಗಳ ಒಳಗೆ ಉಳಿಯಿತು. ಅವಳು ಬುತ್ತಿಯ ಗಂಟನ್ನು ಬಸ್ಸಿನೊಳಗೆ ಇಟ್ಟಳು. ದೊಡ್ಡವರ ನಡುವೆ ಹೋಗುತ್ತಾನೆ, ಹಂಗ ಅನಬೇಕಾಗತೈತಿ ಎಂದುಕೊಂಡಳು.

ಶಾಸನ ಸಭೆಯಲ್ಲಿ ಸಾಹೇಬರು ಎರಡು ಸಲ ಎದ್ದು ನಿಂತರಂತೆ. ಒಮ್ಮೆ ಹುಜೂರರನ್ನು, ಎಂದರೆ ನಿಜಾಮನನ್ನು, ಸ್ತುತಿಸಲು, ಇನ್ನೊಮ್ಮೆ ಪಂಖದ ಗಾಳಿ ತಮ್ಮ ಸಾಲಿಗೆ ಬರುತ್ತಿಲ್ಲ ಎಂದು ತಿಳಿಸಲು. ಎರಡನೆಯದಕ್ಕೆ ಕ್ರಮ ಕೈಗೊಳ್ಳಲಾಯಿತು.

ಆಮೇಲೆ ಬಂದ ವಿರುಪಣ್ಣ. ಕೊಪ್ಪಳದ ಅರಳೆ ವ್ಯಾಪಾರಿ, ಬಾಯಲ್ಲಿ ಎಲೆಅಡಿಕೆ, ಮಾತಿನಲ್ಲಿ ಬೆಣ್ಣೆ. ಯಲಬುರ್ಗಾದಲ್ಲಿ ಅರಳೆ ಬಿಡಿಸುವ ಜಿನ್ ಹಾಕಬೇಕೆಂದು ಅವನ ಆಸೆ. ಜಿನ್ನಿಗೆ ಬಾಯ್ಲರ್ ಬೇಕು. ಸವಳು ನೀರು ಹಾಕಿದರೆ ಅದರ ಹೊಟ್ಟೆಯಲ್ಲಿ ಸುಣ್ಣ ಕಟ್ಟಿ ಒಡೆಯುತ್ತದೆ. ಸಿಹಿನೀರೇ ಆಗಬೇಕು. ಊರೊಳಗಿನ ಬಾವಿಯ ಮೇಲೆ ಕಣ್ಣು ಹಾಕಿದರೆ ಊರವರು ಕೋಲು ಹಿಡಿಯುತ್ತಾರೆ. ಕೇರಿಯ ಬಾವಿ ಗಾಯರಾಣದಲ್ಲಿದೆ, ನೆಲ ಸರ್ಕಾರದ್ದು. ಕೇರಿಯವರು ಒಪ್ಪಿದೆವು ಎಂದರೆ ಸಾಕು, ತಹಶೀಲ್ದಾರರು ಪಟ್ಟಾ ಬರೆದುಕೊಡುತ್ತಾರೆ. ಕೇರಿಯವರನ್ನು ಒಪ್ಪಿಸುವವರು ಯಾರು? ವಿರುಪಣ್ಣನ ಹೊಸ ಮೋಟಾರಿನಲ್ಲಿ ಸಾಹೇಬರು ಗಂಗಾವತಿಗೆ ಹೋಗಿ ಬರುವುದು ಆಗಲೇ ಶುರುವಾಗಿತ್ತು.

ನಲವತ್ತೇಳರ ಒಂದು ಭಾನುವಾರ ಪ್ರಾರ್ಥನಾ ಮನೆಗೆ ತಹಶೀಲ್ದಾರರು ಬಂದು ಕೂತರು. ಪಕ್ಕದಲ್ಲಿ ಅವರ ಬರವಣಿಗೆ ನೋಡುವ ಪೇಶಕಾರ ಖಾಜಾಸಾಬ, ಮೊಣಕಾಲ ಮೇಲೆ ಕಾಗದ. ಹಿಂದೆ ವಿರುಪಣ್ಣ. ದೊಡ್ಡವರು ನಮ್ಮ ಪ್ರಾರ್ಥನೆ ಕೇಳಲು ಬಂದಿದ್ದಾರೆ ಎಂದು ಕೇರಿ ಹಿಗ್ಗಿತು. ಒಪ್ಪಿಗೆ ಕೊಡುತ್ತೀರಾ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಸಾಹೇಬರು ಎದ್ದು, ಕಣ್ಣು ಮುಚ್ಚಿ ತಲೆ ಬಾಗಿಸೋಣ ಎಂದರು. ಕಣ್ಣುಗಳು ಮುಚ್ಚಿದವು.

ಪ್ರಾರ್ಥನೆ ಉದ್ದ ಇತ್ತು. ಮಳೆಗಾಗಿ ಬೇಡಿದರು, ರೋಗಿಗಳಿಗಾಗಿ ಬೇಡಿದರು, ಹುಜೂರರ ಆಯುಷ್ಯಕ್ಕಾಗಿ ಬೇಡಿದರು. ತಲೆಗಳು ತೂಗತೊಡಗಿದ ಮೇಲೆ ಧ್ವನಿ ತಗ್ಗಿಸಿ, “ಕರ್ತನೇ, ನೆಲವೂ ನಿನ್ನದು, ನೆಲದೊಳಗಿನ ನೀರೂ ನಿನ್ನದು. ನೀನು ಕೊಟ್ಟ ಬಾವಿಯನ್ನು ನಾಡಿನ ಉದ್ಯಮಕ್ಕೆ ಸಂತೋಷದಿಂದ ಒಪ್ಪಿಸಿಕೊಡುವ ದೊಡ್ಡ ಮನಸ್ಸನ್ನು ಈ ನಿನ್ನ ಮಕ್ಕಳು ತೋರಿಸುತ್ತಿದ್ದಾರೆ. ಇದನ್ನು ಅಂಗೀಕರಿಸಬೇಕೆಂದು ಬೇಡುತ್ತೇವೆ ತಂದೆಯೇ” ಎಂದು ನಿಲ್ಲಿಸಿದರು.

“ಆಮೆನ್” ಎಂದಿತು ಇಡೀ ಕೇರಿ. ಕಾಗೆ ಹಾರಿದವು.

ತಹಶೀಲ್ದಾರರಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ಈ ಮಾತು ಅವರ ನಮಾಜಿನಲ್ಲೂ ಇದೆ. ‘ಆಮೀನ್’ ಎಂದರೆ ಹಾಗೆಯೇ ಆಗಲಿ. ತುಂಬಿದ ಸಭೆಯಲ್ಲಿ, ದೇವರ ಮುಂದೆ, ಹೆಣ್ಣು ಗಂಡು ಒಂದೇ ಉಸಿರಿನಲ್ಲಿ ಹಾಗೆಯೇ ಆಗಲಿ ಎಂದಮೇಲೆ ಇನ್ನೇನು ಬೇಕು? ಬರೆದುಕೋ ಎಂದರು. ಖಾಜಾಸಾಬ ಒಂದು ಗಳಿಗೆ ಲೇಖನಿ ತಡೆದು ಮಂದಿಯ ಮುಖ ನೋಡಿದ. ಆಮೇಲೆ ಬರೆದ. ನೌಕರಿ ಅವನದು.

ವಾರ ಕಳೆಯುವುದರೊಳಗೆ ಕಚೇರಿಯಿಂದ ಜಪ್ತಿಯ ಹುಕುಮು ಹಿಡಿದು ಅಮೀನ ಬಂದ. ಬಾವಿಯ ಸುತ್ತ ಕಂಬ ನೆಟ್ಟರು, ಮುಳ್ಳುತಂತಿ ಎಳೆದರು. ಕೊಡ ಹಿಡಿದು ಬಂದ ಹೆಂಗಸರನ್ನು ಕಾವಲಿನವರು ತಡೆದರು. ಯಾರ ಹುಕುಮು ಎಂದು ಮಾರೆವ್ವ ಕೇಳಿದಳು. ನಿಮ್ಮದೇ ಎಂದ ಅಮೀನ. ಅವಳಿಗೆ ಅರ್ಥವಾಗಲಿಲ್ಲ. ಕೊಡ ಕಂಕುಳಲ್ಲಿ ಇಟ್ಟುಕೊಂಡೇ ಕಚೇರಿಗೆ ನಡೆದು ಹೋಗಿ ಖಾಜಾಸಾಬನನ್ನು ಹಿಡಿದಳು. ಅವನು ನೆಲ ನೋಡುತ್ತ ಹೇಳಿದ.

“ಯವ್ವಾ, ಪಾದ್ರಿ ಸಾಬ್ರು ದುವಾದಾಗ ಬಾವಿ ಕೊಟ್ಟೀವಿ ಅಂದ್ರು. ನೀವು ಆಮೀನ್ ಅಂದ್ರಿ. ಹಂಗ ಆಗ್ಲಿ ಅಂತ ಅದರ ಅರ್ಥ. ನಿಮ್ಮ ಆವಾಜ್ ಎಲ್ಲಾರಕಿಂತ ಜೋರ್ ಇತ್ತು.”

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಯಾವನೋ ಪುಢಾರಿ, ಆಮೆನ್ ಅಂದ್ರು, ಅಮೀನ ಬಂದ ಎಂದು ನಕ್ಕ. ಅದೇ ಮಾತು ಸಂತೆಗೆ ಹೋಯಿತು, ಬೇವೂರಿಗೆ ಹೋಯಿತು. ಕೇರಿಯವರು ಕಂಡರೆ ಸಾಕು, ಜನ ಅದನ್ನೇ ಅಂದು ನಗುವಂತಾಯಿತು. ನಕ್ಕವರ ಮನೆಯಲ್ಲಿ ಬಾವಿ ಇತ್ತು.

ಮರುದಿನ ಮಾರೆವ್ವ ಊರ ಬಾವಿಯ ದೂರದ ಕಲ್ಲಿನ ಮೇಲೆ ಕೊಡ ಇಟ್ಟು, ಸೆರಗು ಮುಂದೆ ಮಾಡಿ ನಿಂತಳು. ಜಾಗ ಅದೇ, ಕಲ್ಲು ಅದೇ. ನಿಂತವಳ ತಲೆ ಮಾತ್ರ ನರೆತಿತ್ತು.

ಅಲ್ಲಿಂದ ನೇರ ತಮ್ಮನ ಮನೆಗೆ ಹೋದಳು. ಸಾಹೇಬರು ವರಾಂಡದಲ್ಲಿ ಕುರ್ಚಿಯಲ್ಲಿದ್ದರು. ಬಾವಿಗಿಂತ ನಳ ದೊಡ್ಡದು, ಜಿನ್ ನಡೆಯಲಿ, ನಳ ಹಾಕಿಸಿಕೊಡುತ್ತಾರೆ, ಕೇರಿಯವರಿಗೆ ಕೆಲಸ ಸಿಗುತ್ತದೆ, ನಾಡು ಮುಂದೆ ಹೋಗುವಾಗ ಒಂದು ಬಾವಿಯ ಲೆಕ್ಕ ಹಿಡಿಯಬಾರದು ಎಂದು ಸಮಾಧಾನವಾಗಿ ತಿಳಿಸಿದರು. ಅವಳು ಕೇಳಿದಳು. ಕೇಳಿ ಮುಗಿದ ಮೇಲೆ ಅಂದಳು.

“ನಾ ಆಮೆನ್ ಅಂದದ್ದು ದೇವರಿಗೆ, ದುರುಗ. ನೀ ಅದನ್ನ ಒಯ್ದು ತಹಶೀಲ್ದಾರಗ ಕೊಟ್ಟಿ.”

“ಮೆಲ್ಲಗ ಮಾತಾಡು. ಒಳಗ ಮಂದಿ ಅದಾರ.”

“ಇರ್ಲಿ ಬಿಡು. ನನ್ನ ಆವಾಜ್ ಜೋರ್ ಐತಂತ ಕಚೇರ್‍ಯಾಗ ಬರ್ಕೊಂಡಾರ.”

ಸಾಹೇಬರು ಗಡಿಯಾರ ನೋಡಿ ಎದ್ದರು.

ಮುಂದಿನ ವರ್ಷ ರಜಾಕಾರರ ಹಾವಳಿ ಏರಿತು. ಅವರ ಸಭೆಯಲ್ಲೂ ಸಾಹೇಬರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿಕೊಟ್ಟಿದ್ದರು. ಗಾಳಿ ತಿರುಗುವುದು ಮೂಗಿಗೆ ಬಡಿದ ಕೂಡಲೇ ಗಡಿ ದಾಟಿ ಗದಗಕ್ಕೆ ಹೋಗಿ, ನೆಂಟರ ಮನೆಯಲ್ಲಿ ರೊಟ್ಟಿ ತಿಂದುಕೊಂಡಿದ್ದರು. ಹಿಂದೂಸ್ತಾನದ ದಂಡು ಬಂದು ನಿಜಾಮ ಶರಣಾದ ಮೇಲೆ ಮರಳಿದರು. ಮೈಮೇಲೆ ಖಾದಿ, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಬಾಯಲ್ಲಿ ‘ನಾವು ಕ್ಯಾಂಪಿನಲ್ಲಿದ್ದಾಗ’ ಎಂಬ ಮಾತು. ನಿಜವಾಗಿ ಗಡಿಯ ಕ್ಯಾಂಪುಗಳಲ್ಲಿದ್ದು ನಿಜಾಮನ ವಿರುದ್ಧ ಹೋರಾಡಿ ಮೈ ಸವೆಸಿದವರು ಇವರನ್ನು ಅಲ್ಲಿ ಕಂಡಿರಲಿಲ್ಲ. ಆದರೆ ಅವರು ಗಾಯ ತೊಳೆದುಕೊಳ್ಳುತ್ತಿದ್ದರು, ಭಾಷಣ ಮಾಡಲು ಪುರುಸೊತ್ತು ಇದ್ದವರು ಇವರೇ. ಖಾಜಾಸಾಬನ ನೌಕರಿ ಹೋಯಿತು, ಹಳೆಯ ಸರ್ಕಾರದ ಮನುಷ್ಯನೆಂದು. ಬರೆದವನು ಮರದ ಕೆಳಗೆ ಅರ್ಜಿ ಬರೆದುಕೊಡುತ್ತ ಕೂತ. ಬರೆಸಿದವರ ಹೆಸರು ದಿಲ್ಲಿಗೆ ಹೋಯಿತು. ಹೊಸ ಪಾರ್ಲಿಮೆಂಟಿಗೆ ಹೈದರಾಬಾದಿನ ಕಡೆಯಿಂದ ಯಾರನ್ನು ಕಳಿಸಬೇಕೆಂಬ ಮಾತು ನಡೆದಿತ್ತು. ಈ ಸಲವೂ ಓಟಿಲ್ಲ, ಹೆಕ್ಕುವುದೇ. ಹೆಕ್ಕಿಸಿಕೊಳ್ಳುವುದರಲ್ಲಿ ಸಾಹೇಬರಿಗೆ ಅಭ್ಯಾಸವಿತ್ತು.

ಹೊಸ ಸರ್ಕಾರ ಬಂದಿದೆ, ಕೇಳಿ ನೋಡೋಣ ಎಂದು ಮಾರೆವ್ವ ಹೊಸ ತಹಶೀಲ್ದಾರರ ಬಳಿ ಹೋದಳು. ಒಳ್ಳೆಯ ಮನುಷ್ಯ, ಕಡತ ತೆಗೆಸಿ ನೋಡಿದ. ಎಲ್ಲರೂ ಒಪ್ಪಿದ್ದಾರೆ ಎಂದಿದೆಯಮ್ಮ, ಒಪ್ಪಿಸಿದವರೇ ಇದು ಸರಿಯಲ್ಲ ಎಂದು ಸಹಿ ಹಾಕಿಕೊಟ್ಟರೆ ನಾನು ಮತ್ತೆ ವಿಚಾರಣೆ ತೆಗೆಯುತ್ತೇನೆ ಎಂದ. ಖಾಜಾಸಾಬ ಮರದ ಕೆಳಗೆ ಕೂತು ಅರ್ಜಿ ಬರೆದುಕೊಟ್ಟ, ಬಿಡಿಗಾಸು ಮುಟ್ಟಲಿಲ್ಲ. ಅದನ್ನು ಹಿಡಿದು ಅವಳು ಮತ್ತೆ ಅದೇ ವರಾಂಡಕ್ಕೆ ಹೋದಳು. ಒಂದು ಸಹಿ. ಅವಳಿಗೆ ಬೇಕಾದದ್ದು ಅಷ್ಟೇ. ಸಾಹೇಬರು ನೋಡಿದರು, ಮಡಿಚಿದರು, ತಿರುಗಿ ಅವಳ ಕೈಗೇ ಇಟ್ಟರು. ವಿರುಪಣ್ಣ ಆಗ ಹೊಸ ಪಕ್ಷದ ದೊಡ್ಡ ಮನುಷ್ಯ. ಸಾಹೇಬರ ಹೆಸರನ್ನು ಮುಂದೆ ತಳ್ಳುತ್ತಿದ್ದವನೇ ಅವನು.

“ದಿಲ್ಲಿಗೆ ಹೋಗಿ ಬಂದ ಮ್ಯಾಲೆ ನೋಡೂಣಕ್ಕ.”

ಅಕ್ಕ ಎಂಬ ಮಾತು ಬಹಳ ವರ್ಷಕ್ಕೆ ಹೊರಬಂತು. ಅವಳು ಅದಕ್ಕೆ ಕರಗಲಿಲ್ಲ.

“ಆತು. ನಾವೂ ನೀ ಬಂದ ಮ್ಯಾಲೇ ಅಂತೀವಿ.”

“ಏನು?”

“ಆಮೆನ್.”

ಸಾಹೇಬರು ನಕ್ಕರು. ಅಕ್ಕನಿಗೆ ವಯಸ್ಸಾಯಿತು ಎಂದುಕೊಂಡಿರಬೇಕು.

ನಲವತ್ತೊಂಬತ್ತು ಮುಗಿಯುತ್ತಿರುವಾಗ ಹೆಸರು ಖಾಯಮಾಯಿತು. ಬೀಳ್ಕೊಡುವ ಪ್ರಾರ್ಥನೆ ಕೇರಿಯಲ್ಲೇ ಆಗಬೇಕೆಂದು ಸಾಹೇಬರೇ ಹಟ ಹಿಡಿದರು. ತನ್ನ ಮಂದಿ ತನ್ನ ಹಿಂದಿದ್ದಾರೆ ಎಂದು ತೋರಿಸಬೇಕಿತ್ತು. ಕೊಪ್ಪಳದಿಂದ, ಗಂಗಾವತಿಯಿಂದ, ಕುಷ್ಟಗಿಯಿಂದ ಮುಖಂಡರು ಬಂದರು. ವಿರುಪಣ್ಣ ಬುಟ್ಟಿ ತುಂಬ ಹಾರ ತಂದ. ಪ್ರಾರ್ಥನಾ ಮನೆ ತುಂಬಿತು, ಬಾಗಿಲಾಚೆಗೂ ಮಂದಿ. ಕಣ್ಣು ಮುಚ್ಚಿ ತಲೆ ಬಾಗಿಸೋಣ ಎಂದರು ಸಾಹೇಬರು, ಎಂದು ತಾವು ಮುಚ್ಚಿದರು. ಮುಖಂಡರೂ ಮುಚ್ಚಿದರು.

ಕೇರಿಯವರು ಮುಚ್ಚಲಿಲ್ಲ. ಮಾರೆವ್ವ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು. ನಮ್ಮ ಕಡೆ ಇರೂದು ಒಂದ ಮಾತು, ಅದನ್ನೂ ಪುಕ್ಕಟೆ ಕೊಟ್ಟು ಬಾವಿ ಕಳಕೊಂಡೀವಿ, ಇನ್ನ ಆ ಮಾತು ಬಾವಿ ಬಂದ ಮ್ಯಾಲೇ ಎಂದು. ಅವರೆಲ್ಲ ಕಣ್ಣು ಬಿಟ್ಟುಕೊಂಡು, ಮಿಟುಕಿಸದೆ, ಪ್ರಾರ್ಥನೆ ಮಾಡುವ ಮುಖವನ್ನು ನೋಡುತ್ತ ಕೂತರು. ಕಣ್ಣು ಮುಚ್ಚಿದ ಪಾದ್ರಿಯ ಮುಖವನ್ನು ಅವರು ನೋಡಿದ್ದು ಅದೇ ಮೊದಲು. ಹುಬ್ಬು ಕುಣಿಯುತ್ತಿತ್ತು, ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗೆ ಇತ್ತು.

ಭಾರತಮಾತೆಗಾಗಿ ಬೇಡಿದರು, ದೀನದಲಿತರಿಗಾಗಿ ಬೇಡಿದರು, ಈ ಮಂದಿಯ ಒಪ್ಪಿಗೆಯನ್ನು ಹೊತ್ತು ದಿಲ್ಲಿಗೆ ಹೋಗುತ್ತಿರುವ ನಿನ್ನ ದಾಸನನ್ನು ಆಶೀರ್ವದಿಸಬೇಕೆಂದು ಬೇಡುತ್ತೇವೆ ತಂದೆಯೇ ಎಂದು ನಿಲ್ಲಿಸಿದರು.

ಯಾರೂ ಏನೂ ಅನ್ನಲಿಲ್ಲ.

ಸಾಹೇಬರು ಕಾದರು. ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ, ಬೇಡುತ್ತೇವೆ ತಂದೆಯೇ ಎಂದರು. ಹೊರಗೆ ಬೇವಿನ ಮರದಲ್ಲಿ ಕಾಗೆಗಳು ಕೂತಲ್ಲೇ ಕೂತಿದ್ದವು. ಸಾಹೇಬರು ಕಣ್ಣು ತೆರೆದರು. ಇಡೀ ಕೇರಿ ಅವರನ್ನೇ ನೋಡುತ್ತಿತ್ತು. ಮುಂದಿನ ಸಾಲಿನಲ್ಲಿ ಮಾರೆವ್ವ, ತುಟಿ ಬಿಗಿ ಹಿಡಿದು, ಮಡಿಲಲ್ಲಿ ಮಡಿಚಿದ ಅರ್ಜಿ ಇಟ್ಟುಕೊಂಡು ಕೂತಿದ್ದಳು. ಮುಖಂಡರು ಒಬ್ಬೊಬ್ಬರಾಗಿ ಕಣ್ಣು ತೆರೆದು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಆಗ ಹಿಂದಿನಿಂದ, ಎಲೆಅಡಿಕೆ ತುಂಬಿದ ಬಾಯಿಯಿಂದ, ವಿರುಪಣ್ಣ ಅಂದ. “ಆಮೇನು.”

ಅದೊಂದೇ. ಅವನು ಆ ಮಾತಿನ ಬಳಗದವನೂ ಅಲ್ಲ, ಆ ಮತದವನೂ ಅಲ್ಲ. ನೀರು ಕುಡಿದ ಋಣ.

ಆ ಒಂದೇ ಆಮೆನ್ ಕಟ್ಟಿಕೊಂಡು ದುರುಗಪ್ಪ ದಿಲ್ಲಿಗೆ ಹೋದ. ಹೌದು, ಹೋದ. ಇನ್ನು ಅವನಿಗೆ ಬಹುವಚನ ಬೇಡ, ಆ ಬಹುಮಂದಿ ಅಂದು ಬಾಯಿ ಮುಚ್ಚಿಕೊಂಡು ತಮ್ಮ ಪಾಲನ್ನು ಹಿಂದಕ್ಕೆ ತೆಗೆದುಕೊಂಡರು. ದಿಲ್ಲಿಯವರಿಗೆ ಅದು ಗೊತ್ತಿಲ್ಲ. ಅಲ್ಲಿ ಅವನು ಹಿಂದುಳಿದವರ ದನಿ ಎಂದು ಕರೆಸಿಕೊಳ್ಳುತ್ತಿದ್ದಾನೆ. ಬಾವಿಯ ಸುತ್ತ ಮುಳ್ಳುತಂತಿ ಹಾಗೇ ಇದೆ, ಬಾಯ್ಲರ್ ನೀರು ಕುಡಿಯುತ್ತಿದೆ, ನಳ ಬಂದಿಲ್ಲ. ಮಾರೆವ್ವ ಇವತ್ತು ಬೆಳಿಗ್ಗೆಯೂ ಊರ ಬಾವಿಯ ದೂರದ ಕಲ್ಲಿನ ಮೇಲೆ ಕೊಡ ಇಟ್ಟು ನಿಂತಿದ್ದಳು. ಅರ್ಜಿ ಅವಳ ಸೆರಗಿನ ಗಂಟಿನಲ್ಲಿದೆ, ಸಹಿಯ ಜಾಗ ಖಾಲಿ.

ಇನ್ನು ಹೆಕ್ಕುವ ಕಾಲ ಮುಗಿಯಿತಂತೆ, ಎಲ್ಲರಿಗೂ ಓಟು ಬರುತ್ತದಂತೆ. ಹಾಗಾದರೆ ಅವನು ನಿಮ್ಮ ಓಣಿಗೂ ಬರುತ್ತಾನೆ. ಕೊಪ್ಪಳಕ್ಕೆ, ಕುಷ್ಟಗಿಗೆ, ಗಂಗಾವತಿಗೆ, ಬಿಳಿ ಟೊಪ್ಪಿಗೆ ಇಟ್ಟುಕೊಂಡು, ಇಂಪಾದ ಕಂಠದಲ್ಲಿ, ಕಣ್ಣು ಮುಚ್ಚೋಣ ಎನ್ನುತ್ತಾನೆ. ಮುಚ್ಚಬೇಡಿ. ಮಾರೆವ್ವನ ಅರ್ಜಿಯನ್ನು ಅವನ ಮುಂದೆ ಹಿಡಿಯಿರಿ. ಮೊದಲು ಇಲ್ಲಿ ಸಹಿ ಹಾಕು ಎನ್ನಿ. ಅವನು ಹಾಕುವ ತನಕ ನಿಮ್ಮ ಬಾಯಿಂದ ಹೂಂ ಎಂಬ ಒಂದು ಸದ್ದೂ ಹೊರಡಕೂಡದು.